ಮೆಡಿಕಲ್ ಡಿವೈಸ್ ಇಂಪೋರ್ಟ್ ಮಾಡೋಕೆ ಒಳ್ಳೆ ಕಸ್ಟಮ್ಸ್ ಬ್ರೋಕರ್ ಹುಡುಕೋದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ದೊಂದು ಸರ್ಜಿಕಲ್ ಸ್ಟೋರ್ ಇದೆ ಸರ್. ಇಷ್ಟು ದಿನ ಬೆಂಗಳೂರಿನ ಹೋಲ್‌ಸೇಲ್‌ನವರ ಹತ್ರ ತರಿಸ್ತಿದ್ವಿ, ಈಗ ಡಿಜಿಟಲ್ ಬಿಪಿ ಮಷಿನ್, ಥರ್ಮಾಮೀಟರ್, ಮಡಚೋ ವೀಲ್‌ಚೇರ್ ಇವನ್ನ ಚೀನಾದಿಂದ ನೇರವಾಗಿ ತರಿಸೋಣ ಅಂತ. ಶೆನ್‌ಝೆನ್ ಸಪ್ಲೈಯರ್ ಒಬ್ಬ 30% ಅಡ್ವಾನ್ಸ್ ಕೇಳ್ತಿದಾನೆ. ಐಇಸಿ (ಇಂಪೋರ್ಟ್-ಎಕ್ಸ್‌ಪೋರ್ಟ್ ಮಾಡೋಕೆ ಬೇಕಾದ ಕೋಡ್ ನಂಬರ್) ಮಾಡಿಸಿದೀನಿ. ಇಲ್ಲಿ ಪರಿಚಯದ ಟ್ರಾನ್ಸ್‌ಪೋರ್ಟ್ ಏಜೆಂಟ್ ಒಬ್ರು "ಕಸ್ಟಮ್ಸ್ ಎಲ್ಲಾ ನಾವೇ ನೋಡ್ಕೋತೀವಿ, ಮಾಲ್ ತರಿಸಿ ಸಾಕು" ಅಂತಾರೆ. ಅವರನ್ನ ನಂಬ್ಬೋದಾ, ಇಲ್ಲ ಬೇರೆ ಬ್ರೋಕರ್ ನೋಡ್ಬೇಕಾ? ಹೇಗೆ ಹುಡುಕೋದು?

ಉತ್ತರ:

ಸರ್, ಮೊದ್ಲು ಆ 30% ಅಡ್ವಾನ್ಸ್ ಕಟ್ಬೇಡಿ. ಬ್ರೋಕರ್ ವಿಷಯ ಆಮೇಲೆ ಮಾತಾಡೋಣ. "ಮಾಲ್ ತರಿಸಿ ಸಾಕು" ಅನ್ನೋ ಬ್ರೋಕರ್‌ನ ಮೆಡಿಕಲ್ ಡಿವೈಸ್ ವಿಷಯದಲ್ಲಿ ಹತ್ರಾನೂ ಸೇರಿಸ್ಬಾರ್ದು, ಬಟ್ಟೆನೋ ಪ್ಲಾಸ್ಟಿಕ್ ಸಾಮಾನೋ ಆಗಿದ್ರೆ ಆ ಮಾತು ನಡೀತಿತ್ತೇನೋ, ಆದ್ರೆ ನೀವು ತರಿಸ್ತಿರೋದು ಕಾನೂನಿನ ಲೆಕ್ಕದಲ್ಲಿ ಔಷಧಿ. ಹೌದು, ಬಿಪಿ ಮಷಿನ್ ಕೂಡ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನೋಟಿಫಿಕೇಶನ್ ಹೊರಡಿಸಿ, ಆ ವರ್ಷ ಏಪ್ರಿಲ್ 1ರಿಂದ ಎಲ್ಲಾ ಮೆಡಿಕಲ್ ಡಿವೈಸ್‌ಗಳನ್ನೂ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಆಕ್ಟ್ ಕೆಳಗೆ "ಡ್ರಗ್" ಅಂತ ಸೇರಿಸಿಬಿಡ್ತು. ಆಮೇಲೆ ಹಂತ ಹಂತವಾಗಿ ಲೈಸೆನ್ಸ್ ಕಡ್ಡಾಯ ಮಾಡಿದ್ರು, ಕ್ಲಾಸ್ ಎ ಮತ್ತು ಬಿಗೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿಗೆ 2023ರ ಅಕ್ಟೋಬರ್ 1ರಿಂದ. ಐಇಸಿ ಇದ್ರೆ ಸಾಕು ಅನ್ನೋ ಕಾಲ ಆವತ್ತಿಗೆ ಮುಗೀತು.

ಬ್ರೋಕರ್ ಏನ್ ಮಾಡ್ತಾರೆ ಅನ್ನೋದನ್ನ ಒಂದ್ಸಲ ಕ್ಲಿಯರ್ ಮಾಡ್ಕೊಳ್ಳಿ, ಯಾಕಂದ್ರೆ ಹೊಸಬರು ತುಂಬಾ ಜನ ಇಲ್ಲೇ ಗೊಂದಲ ಆಗ್ತಾರೆ. ಕಸ್ಟಮ್ಸ್ ಬ್ರೋಕರ್ (ಮಾರ್ಕೆಟ್‌ನಲ್ಲಿ ಇವತ್ತಿಗೂ ಸಿಎಚ್‌ಎ ಅಂತಾನೇ ಕರೀತಾರೆ, ನೀವೂ ಹಾಗೇ ಕೇಳಿ) ನಿಮ್ಮ ಪರವಾಗಿ ಬಿಲ್ ಆಫ್ ಎಂಟ್ರಿ (ಏನ್ ಮಾಲ್, ಎಷ್ಟು ಬೆಲೆ ಅಂತ ಕಸ್ಟಮ್ಸ್‌ಗೆ ಕೊಡೋ ಡಿಕ್ಲರೇಶನ್) ಹಾಕ್ತಾರೆ, ಪೇಪರ್‌ಗಳನ್ನ ಕಸ್ಟಮ್ಸ್‌ನ ಇ-ಸಂಚಿತ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಅಪ್‌ಲೋಡ್ ಮಾಡ್ತಾರೆ, ಆಫೀಸರ್ ಕ್ವೆರಿ ಹಾಕಿದ್ರೆ ಉತ್ತರ ಕೊಡ್ತಾರೆ, ಮಾಲ್ ಎಕ್ಸಾಮಿನ್ ಮಾಡಿಸಿ ಔಟ್ ಆಫ್ ಚಾರ್ಜ್ (ಮಾಲ್ ಬಿಡೋ ಆರ್ಡರ್) ತಗೊಂಡು ಹೊರಗೆ ತರ್ತಾರೆ. ಇಂಪೋರ್ಟ್ ಲೈಸೆನ್ಸ್ ಕೊಡೋದು ಅವರ ಕೆಲಸ ಅಲ್ಲ, ಕಸ್ಟಮ್ಸ್ ಕೆಲಸಾನೂ ಅಲ್ಲ. ಅದನ್ನ ಕೊಡೋದು ದೆಹಲಿಯ ಸಿಡಿಎಸ್‌ಸಿಓ, ಅಂದ್ರೆ ಕೇಂದ್ರ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ. ಪೋರ್ಟ್‌ನಲ್ಲಿ ಅವರದ್ದೇ ಅಸಿಸ್ಟೆಂಟ್ ಡ್ರಗ್ಸ್ ಕಂಟ್ರೋಲರ್ ಆಫೀಸ್ ಇರುತ್ತೆ, ಎಡಿಸಿ ಅಂತಾರೆ, ನಿಮ್ಮ ಮಾಲಿಗೆ ಅವರ ಎನ್‌ಓಸಿ (ಆಕ್ಷೇಪಣೆ ಇಲ್ಲ ಅನ್ನೋ ಒಪ್ಪಿಗೆ) ಬೀಳದೆ ಕಸ್ಟಮ್ಸ್‌ನವರು ಬಿಡಲ್ಲ. ಹಾಗಾಗಿ ನೀವು ಹುಡುಕ್ಬೇಕಾಗಿರೋದು ಬರೀ ಸಿಎಚ್‌ಎ ಅಲ್ಲ, ಎಡಿಸಿ ಎನ್‌ಓಸಿ ಕೆಲಸ ದಿನಾ ಮಾಡೋ ಸಿಎಚ್‌ಎ.

ಈಗ ಲೈಸೆನ್ಸ್ ಕಡೆ. ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಿದ್ರೇನೇ ಬ್ರೋಕರ್ ಜೊತೆ ಮಾತಾಡೋವಾಗ ಆತ ಬುರುಡೆ ಬಿಡ್ತಿದಾನಾ ಇಲ್ವಾ ತಿಳಿಯೋದು.

ಮೆಡಿಕಲ್ ಡಿವೈಸಸ್ ರೂಲ್ಸ್ 2017ರಲ್ಲಿ ಎ, ಬಿ, ಸಿ, ಡಿ ಅಂತ ರಿಸ್ಕ್ ಪ್ರಕಾರ ನಾಲ್ಕು ಕ್ಲಾಸ್ ಇದೆ. ಹತ್ತಿ, ಡ್ರೆಸ್ಸಿಂಗ್ ಬಟ್ಟೆ ಥರದ್ದು ಎ, ಥರ್ಮಾಮೀಟರ್ ಬಿಪಿ ಮಷಿನ್ ಥರದ್ದು ಬಿ, ಡಯಾಲಿಸಿಸ್ ಕ್ಯಾತಿಟರ್ ಥರದ್ದು ಸಿ, ಹಾರ್ಟ್ ವಾಲ್ವ್ ಡಿ. ನಿಮ್ಮ ಮಾಡೆಲ್ ಯಾವ್ದರಲ್ಲಿ ಬರುತ್ತೆ ಅಂತ ಸಿಡಿಎಸ್‌ಸಿಓ ವೆಬ್‌ಸೈಟ್‌ನಲ್ಲಿ ಲಿಸ್ಟ್‌ಗಳಿವೆ, ಅದರಲ್ಲಿ ಹೆಸರು ಮತ್ತು ಉಪಯೋಗ ಎರಡೂ ಹೊಂದ್ಸಿ ನೋಡಿ. ವೀಲ್‌ಚೇರ್, ಅದೂ ಕೈಯಲ್ಲಿ ತಳ್ಳೋದಾದ್ರೆ, ತಲೆನೋವು ಕಮ್ಮಿ. ಕ್ಲಾಸ್ ಎನಲ್ಲಿ ಸ್ಟೆರೈಲ್ ಅಲ್ಲದ, ಅಳತೆ ಮಾಡೋ ಕೆಲಸ ಇಲ್ಲದ ಡಿವೈಸ್‌ಗಳಿಗೆ 2022ರ ಅಕ್ಟೋಬರ್‌ನಲ್ಲಿ ಲೈಸೆನ್ಸ್‌ನಿಂದ ವಿನಾಯ್ತಿ ಸಿಕ್ತು, ಆನ್‌ಲೈನ್‌ನಲ್ಲಿ ಸೆಲ್ಫ್ ರಿಜಿಸ್ಟ್ರೇಶನ್ ಮಾಡಿ ನಂಬರ್ ತಗೊಂಡ್ರೆ ಆಯ್ತು. ಬಿಪಿ ಮಷಿನ್ ಥರ್ಮಾಮೀಟರ್‌ಗೆ ಆ ಸುಖ ಇಲ್ಲ. ಎಂಡಿ-14 ಅನ್ನೋ ಫಾರ್ಮ್‌ನಲ್ಲಿ ಅರ್ಜಿ ಹಾಕಿ ಎಂಡಿ-15 ಅನ್ನೋ ಇಂಪೋರ್ಟ್ ಲೈಸೆನ್ಸ್ ತಗೋಬೇಕು.

ಎಂಡಿ-15 ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ, ಅದು ಬ್ರ್ಯಾಂಡ್‌ಗೆ ಕೊಡೋ ಲೈಸೆನ್ಸ್ ಅಲ್ಲ. ಇಂಥ ಇಂಪೋರ್ಟರ್, ಇಂಥ ಫ್ಯಾಕ್ಟರಿ, ಇಂಥ ಡಿವೈಸ್ ಅಂತ ಮೂರೂ ಸೇರಿಸಿ ಕೊಡ್ತಾರೆ. ಮುಂಬೈನಲ್ಲಿ ಯಾರೋ ಅದೇ ಬಿಪಿ ಮಷಿನ್ ತರಿಸ್ತಿದಾರೆ ಅಂದ್ರೆ ಅವರ ಲೈಸೆನ್ಸ್ ನಿಮಗೆ ಕೆಲಸಕ್ಕೆ ಬರಲ್ಲ. ಫೀ ಕೂಡ ಹಾಗೇ. ಕ್ಲಾಸ್ ಬಿಗೆ ಒಂದು ಫ್ಯಾಕ್ಟರಿ ಸೈಟ್‌ಗೆ 2000 ಡಾಲರ್, ಒಂದೊಂದು ಡಿವೈಸ್‌ಗೆ 1000 ಡಾಲರ್. ಬಿಪಿ ಮಷಿನ್ ಥರ್ಮಾಮೀಟರ್ ಎರಡೂ ಒಂದೇ ಫ್ಯಾಕ್ಟರಿಯಲ್ಲಿ ತಯಾರಾದ್ರೆ 4000 ಡಾಲರ್, ಬೇರೆ ಬೇರೆ ಫ್ಯಾಕ್ಟರಿ ಆದ್ರೆ 6000. ನಿಮ್ಮ ಶೆನ್‌ಝೆನ್ ಪಾರ್ಟಿ ನಿಜವಾಗ್ಲೂ ತಯಾರಿಸ್ತಾನಾ ಅಥವಾ ಬರೀ ಟ್ರೇಡರ್ರಾ ಅಂತ ಕೇಳಿದೀರಾ? ಟ್ರೇಡರ್ ಆದ್ರೆ ಹಿಂದೆ ಇರೋ ಫ್ಯಾಕ್ಟರಿಯವರು ನಿಮ್ಮ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಡ್ಬೇಕು, ಅದಕ್ಕೆ ದೂತಾವಾಸದ ದೃಢೀಕರಣ ಆಗ್ಬೇಕು, ಜೊತೆಗೆ ಫ್ರೀ ಸೇಲ್ ಸರ್ಟಿಫಿಕೇಟ್ (ಆ ದೇಶದಲ್ಲಿ ಮಾರೋಕೆ ಅನುಮತಿ ಇದೆ ಅನ್ನೋ ಪತ್ರ), ಐಎಸ್‌ಓ 13485 (ಮೆಡಿಕಲ್ ಡಿವೈಸ್ ಕ್ವಾಲಿಟಿ ಸರ್ಟಿಫಿಕೇಟ್), ಡಿವೈಸ್ ಬಗ್ಗೆ ಪೂರ್ತಿ ವಿವರ ಇರೋ ಡಿವೈಸ್ ಮಾಸ್ಟರ್ ಫೈಲ್, ಫ್ಯಾಕ್ಟರಿ ಬಗ್ಗೆ ವಿವರ ಇರೋ ಪ್ಲಾಂಟ್ ಮಾಸ್ಟರ್ ಫೈಲ್. 200 ಪೀಸ್ ತಗೊಳ್ಳೋ ಗಿರಾಕಿಗೆ ಇಷ್ಟೆಲ್ಲಾ ಪೇಪರ್ ಕೊಡೋ ಫ್ಯಾಕ್ಟರಿ ಅಪರೂಪ. ಹಾಗಾಗಿ ರೇಟ್ ಕೇಳೋಕೆ ಮುಂಚೆ ಈ ಪೇಪರ್ ಕೊಡ್ತೀಯಾ ಅಂತ ಕೇಳಿ, ಅರ್ಧ ಸಪ್ಲೈಯರ್‌ಗಳು ಅಲ್ಲೇ ಮಾತು ನಿಲ್ಲಿಸ್ತಾರೆ.

ಟೈಮ್ ಬಗ್ಗೆನೂ ಹೇಳ್ಬಿಡ್ತೀನಿ, ರೂಲ್‌ನಲ್ಲೇ ಲೈಸೆನ್ಸ್ ಕೊಡೋಕೆ 9 ತಿಂಗಳ ತನಕ ಅವಕಾಶ ಇದೆ. ದೀಪಾವಳಿ ಸೀಸನ್‌ಗೆ ಮಾಲ್ ಇಳಿಸ್ತೀನಿ ಅನ್ನೋ ಲೆಕ್ಕ ಎಲ್ಲಾ ಬಿಟ್ಬಿಡಿ. ಅರ್ಜಿ ಹಾಕೋಕೆ ನಿಮ್ಮ ಹತ್ರ ಹೋಲ್‌ಸೇಲ್ ಡ್ರಗ್ ಲೈಸೆನ್ಸ್ ಅಥವಾ ಎಂಡಿ-42 ರಿಜಿಸ್ಟ್ರೇಶನ್ ಇರ್ಬೇಕು. ಎಂಡಿ-42 ಅನ್ನೋದು ರಾಜ್ಯದ ಡ್ರಗ್ಸ್ ಕಂಟ್ರೋಲ್‌ನವರು ಕೊಡೋದು, ಸರ್ಜಿಕಲ್ ಸ್ಟೋರ್ ನಡೆಸ್ತಿದೀರಿ ಅಂದ್ಮೇಲೆ ಇದು ನಿಮ್ಮ ಹತ್ರ ಈಗಾಗ್ಲೇ ಇರ್ಬೇಕಿತ್ತು, ಇಲ್ಲ ಅಂದ್ರೆ ಇಂಪೋರ್ಟ್ ಕಥೆ ಹಾಗಿರ್ಲಿ, ಅದನ್ನ ಮೊದ್ಲು ಮಾಡಿಸಿ. ಅಂಗಡಿಯಲ್ಲಿ ಒಬ್ಬ ಟೆಕ್ನಿಕಲ್ ವ್ಯಕ್ತಿ ಬೇಕು ಅಂತಾರೆ, ಡಿಗ್ರಿ ಆದವರು ಅಥವಾ ಫಾರ್ಮಸಿಸ್ಟ್, ಅಥವಾ ಪಿಯುಸಿ ಮುಗಿಸಿ ಈ ವ್ಯಾಪಾರದಲ್ಲಿ ಒಂದು ವರ್ಷ ಅನುಭವ ಇರೋರು ನಡೀತಾರೆ.

ಸರಿ, ಈಗ ಬ್ರೋಕರ್.

ಕಸ್ಟಮ್ಸ್ ಬ್ರೋಕರ್ ಆಗೋಕೆ ಪರೀಕ್ಷೆ ಪಾಸಾಗಿ ಕಸ್ಟಮ್ಸ್ ಕಮಿಷನರ್ ಹತ್ರ ಲೈಸೆನ್ಸ್ ತಗೋಬೇಕು, 2018ರ ಲೈಸೆನ್ಸಿಂಗ್ ರೆಗ್ಯುಲೇಶನ್ ಅಂತ ಇದೆ. ಆ ಲೈಸೆನ್ಸ್ ಮಾರೋ ಹಾಗಿಲ್ಲ, ಬಾಡಿಗೆ ಕೊಡೋ ಹಾಗಿಲ್ಲ. ನಿಮ್ಮ ಟ್ರಾನ್ಸ್‌ಪೋರ್ಟ್ ಏಜೆಂಟ್ ಹತ್ರ ಸ್ವಂತ ಲೈಸೆನ್ಸ್ ಇಲ್ಲ ಅಂತಾನೇ ನನಗನ್ಸುತ್ತೆ, ಅವರು ಬೆಂಗಳೂರಲ್ಲೋ ಚೆನ್ನೈಲೋ ಇನ್ನೊಬ್ಬರಿಗೆ ಕೊಡ್ತಾರೆ, ಅವರು ಮತ್ತೊಬ್ಬರಿಗೆ. ಏನಾದ್ರೂ ಎಡವಟ್ಟಾದಾಗ ಫೋನ್ ಎತ್ತೋರು ಯಾರು ಅಂತ ನಿಮಗೇ ಗೊತ್ತಿರಲ್ಲ. ಆ ಮನುಷ್ಯ ಒಳ್ಳೆಯವರೇ ಇರ್ಬಹುದು, ದಾವಣಗೆರೆಗೆ ಲಾರಿ ತರೋ ಕೆಲಸ ಅವರಿಗೇ ಕೊಡಿ, ಬಿಲ್ ಆಫ್ ಎಂಟ್ರಿ ಕೊಡ್ಬೇಡಿ.

ಹುಡುಕೋದಕ್ಕೆ ಗೂಗಲ್‌ನಲ್ಲಿ "ಬೆಸ್ಟ್ ಸಿಎಚ್‌ಎ" ಅಂತ ಹಾಕಿದ್ರೆ ಜಾಹೀರಾತು ಬರುತ್ತೆ ಅಷ್ಟೇ. ಬೆಂಗಳೂರು ಕಸ್ಟಮ್ಸ್‌ನವರೇ ಲೈಸೆನ್ಸ್ ಇರೋ ಬ್ರೋಕರ್‌ಗಳ ಪಟ್ಟಿ ಹಾಕ್ತಾರೆ, ಅದು ಮೊದಲ ಜರಡಿ. ನಿಮಗೆ ಹೆಸರು ಹೇಳಿದವರು ಆ ಪಟ್ಟಿಯಲ್ಲಿ ಇದಾರಾ ನೋಡಿ. ಎಇಓ ಅಂತ ಕಸ್ಟಮ್ಸ್‌ನವರು ನಂಬಿಕಸ್ಥರಿಗೆ ಕೊಡೋ ದರ್ಜೆ ಇದೆ, ಬ್ರೋಕರ್‌ಗೆ ಎಇಓ-ಎಲ್‌ಓ ಇದ್ರೆ ಒಂದು ಪ್ಲಸ್ ಪಾಯಿಂಟ್, ಇಲ್ಲ ಅಂದ್ರೆ ಕೆಟ್ಟವರು ಅಂತೇನಲ್ಲ, ಚಿಕ್ಕ ಆಫೀಸ್‌ನವರು ಆ ಗೋಜಿಗೆ ಹೋಗಿರಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆ ದಾರಿ, ಈಗ ನಿಮಗೆ ಮಾಲ್ ಕೊಡ್ತಿರೋ ಹೋಲ್‌ಸೇಲ್‌ನವರ ಬಾಕ್ಸ್ ತಿರುಗಿಸಿ ನೋಡಿ. ಇಂಪೋರ್ಟ್ ಆದ ಡಿವೈಸ್ ಮೇಲೆ ಇಂಪೋರ್ಟರ್ ಹೆಸರು, ವಿಳಾಸ, ಇಂಪೋರ್ಟ್ ಲೈಸೆನ್ಸ್ ನಂಬರ್ ಇರ್ಲೇಬೇಕು. ಅಂಥ ನಾಲ್ಕೈದು ಇಂಪೋರ್ಟರ್‌ಗಳಿಗೆ ಫೋನ್ ಮಾಡಿ ನಿಮ್ಮ ಸಿಎಚ್‌ಎ ಯಾರು ಅಂತ ಕೇಳಿ. ನಿಮ್ಮ ಜೊತೆ ಪೈಪೋಟಿ ಇರೋರು ಹೇಳಲ್ಲ, ನಿಜ. ಆದ್ರೆ ಡೆಂಟಲ್ ಸಾಮಾನು ತರಿಸೋರು, ಲ್ಯಾಬ್ ರೀಏಜೆಂಟ್ ತರಿಸೋರು ಖುಷಿಯಾಗಿ ಹೇಳ್ತಾರೆ, ಅವರಿಗೆ ನಿಮ್ಮಿಂದ ಏನೂ ನಷ್ಟ ಇಲ್ಲ, ಮತ್ತೆ ಅವರ ಬ್ರೋಕರ್ ಕೂಡ ಅದೇ ಎಡಿಸಿ ಆಫೀಸ್‌ಗೇ ಹೋಗೋದು.

ಮೂರ್ನಾಲ್ಕು ಹೆಸರು ಸಿಕ್ಮೇಲೆ ಫೋನ್ ಮಾಡಿ, "ನಾನು ಬಿಪಿ ಮಷಿನ್ ತರಿಸ್ಬೇಕು" ಅಂತ ಮಾತ್ರ ಹೇಳಿ ಸುಮ್ನಿರಿ. ಅವರು ಮೊದ್ಲು ಏನ್ ಕೇಳ್ತಾರೆ ನೋಡಿ. ಎಷ್ಟು ಕೆಜಿ, ಯಾವ್ ಪೋರ್ಟ್, ಯಾವಾಗ ಬರುತ್ತೆ ಅಂತ ಕೇಳಿದ್ರೆ ಅವರು ಸಾಮಾನ್ಯ ಕಾರ್ಗೋ ಮಾಡೋರು. "ಎಂಡಿ-15 ಆಗಿದ್ಯಾ? ಯಾರ ಹೆಸರಲ್ಲಿದೆ? ಮಾಡೆಲ್ ನಂಬರ್ ಲೈಸೆನ್ಸ್‌ನಲ್ಲಿ ಇದ್ಯಾ? ಲೇಬಲ್ ಫೋಟೋ ಕಳಿಸಿ" ಅಂತ ಶುರು ಮಾಡಿದ್ರೆ ಇವರಿಗೆ ವಿಷಯ ಗೊತ್ತು. ಲೈಸೆನ್ಸ್ ಇಲ್ಲ ಅಂದಾಗ "ಹಾಗಾದ್ರೆ ಈಗ ಶಿಪ್ ಮಾಡ್ಬೇಡಿ" ಅಂತ ತನಗೆ ಬರೋ ಬಿಸಿನೆಸ್ ಬಿಟ್ಟು ಹೇಳೋರು ಸಿಕ್ರೆ ಅವರ ನಂಬರ್ ಬರ್ಕೊಳ್ಳಿ, ನಿಮ್ಮ ಬ್ರೋಕರ್ ಅವರೇ.

ಇದಕ್ಕೆ ಉಲ್ಟಾ ಇನ್ನೊಂದು ಜಾತಿ ಇದೆ. "ಲೈಸೆನ್ಸ್ ಬೇಡ ಸರ್, ಬಿಪಿ ಮಷಿನ್‌ನ ಎಲೆಕ್ಟ್ರಾನಿಕ್ ಮೀಟರ್ ಅಂತ ಹಾಕೋಣ, ಫಿಟ್‌ನೆಸ್ ಐಟಂ ಅಂತ ತೋರ್ಸೋಣ" ಅನ್ನೋರು. ದಯವಿಟ್ಟು ಇವರ ಮಾತಿಗೆ ಬೀಳ್ಬೇಡಿ. ಕಸ್ಟಮ್ಸ್ ಆಕ್ಟ್ ಸೆಕ್ಷನ್ 147ರ ಪ್ರಕಾರ ಏಜೆಂಟ್ ಮಾಡಿದ್ದನ್ನ ಮಾಲಿನ ಓನರ್ ಮಾಡಿದ ಹಾಗೇ ಲೆಕ್ಕ, ನನಗೆ ಗೊತ್ತಿರಲಿಲ್ಲ ಅನ್ನೋ ಮಾತು ಸುಲಭಕ್ಕೆ ನಿಲ್ಲಲ್ಲ. ಗೊತ್ತಿದ್ದೂ ಸುಳ್ಳು ಡಿಕ್ಲರೇಶನ್ ಕೊಟ್ರೆ 114ಎಎ ಕೆಳಗೆ ಮಾಲಿನ ಬೆಲೆಯ ಐದು ಪಟ್ಟಿನ ತನಕ ಪೆನಾಲ್ಟಿ ಹಾಕ್ಬಹುದು. ಬ್ರೋಕರ್‌ಗೆ ಇನ್ನೂ ನೂರು ಗಿರಾಕಿ ಇರ್ತಾರೆ, ನಿಮಗೆ ಇರೋದು ಒಂದೇ ಅಂಗಡಿ, ಒಂದೇ ಪ್ಯಾನ್, ಒಂದೇ ಐಇಸಿ. ಹಾಗೇ "ನಮ್ಮ ಹತ್ರಾನೇ ಲೈಸೆನ್ಸ್ ಇದೆ, ಅದರಲ್ಲೇ ತರಿಸ್ಕೊಡ್ತೀವಿ" ಅಂದ್ರೂ ನಿಂತು ಯೋಚಿಸಿ. ಅವರು ಕಾನೂನುಬದ್ಧ ಇಂಪೋರ್ಟರ್ ಆಗಿ, ಅವರ ಹೆಸರಲ್ಲೇ ತರಿಸಿ, ಜಿಎಸ್‌ಟಿ ಬಿಲ್ ಹಾಕಿ ನಿಮಗೆ ಮಾರಿದ್ರೆ ಅದು ಸರಿಯಾದ ವ್ಯಾಪಾರ. ಬಾಕ್ಸ್ ಮೇಲೆ ಒಂದು ಹೆಸರು ಪೇಪರ್‌ನಲ್ಲಿ ಇನ್ನೊಂದು ಹೆಸರು ಅಂದ್ರೆ ಅಲ್ಲ. ಚೀನಾ ಸಪ್ಲೈಯರ್ "ಡಿಡಿಪಿ, ಡ್ಯೂಟಿ ನಾವೇ ಕಟ್ಟಿ ನಿಮ್ಮ ಅಂಗಡಿ ಬಾಗಿಲಿಗೆ ತಂದು ಕೊಡ್ತೀವಿ" ಅಂತಾನಲ್ಲ, ಅದರಲ್ಲೂ ಇದೇ ಹುಳುಕು. ಬಿಲ್ ಆಫ್ ಎಂಟ್ರಿ ಯಾರದೋ ಹೆಸರಲ್ಲಿರುತ್ತೆ, ಐಜಿಎಸ್‌ಟಿ (ಇಂಪೋರ್ಟ್ ಮೇಲೆ ಕಟ್ಟೋ ಜಿಎಸ್‌ಟಿ) ಕ್ರೆಡಿಟ್ ನಿಮಗೆ ಸಿಗಲ್ಲ, ಬ್ಯಾಂಕ್‌ನವರು ಕಳ್ಸಿದ ದುಡ್ಡಿಗೆ ಬಿಲ್ ಆಫ್ ಎಂಟ್ರಿ ಕೊಡಿ ಅಂತ ಕೇಳಿದಾಗ ತೋರ್ಸೋಕೂ ಏನೂ ಇರಲ್ಲ.

ಪೋರ್ಟ್ ವಿಚಾರ. ಔಷಧಿ ಸಾಮಾನನ್ನ ಯಾವ ಪೋರ್ಟ್‌ನಲ್ಲಾದ್ರೂ ಇಳಿಸೋಕಾಗಲ್ಲ, ಅದಕ್ಕೆ ಅಂತ ಗುರುತು ಮಾಡಿದ ಜಾಗಗಳೇ ಇವೆ. ಮೊದಲ ಸಲ ಚಿಕ್ಕ ಕನ್ಸೈನ್‌ಮೆಂಟ್ ಆದ್ರೆ ದೇವನಹಳ್ಳಿ ಏರ್ ಕಾರ್ಗೋ ನಿಮಗೆ ಸುಲಭ, ಎಡಿಸಿ ಆಫೀಸ್ ಇದೆ, ಏನಾದ್ರೂ ಆದ್ರೆ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ನೀವೇ ಹೋಗಿ ನಿಲ್ಬಹುದು. ವೀಲ್‌ಚೇರ್ ಥರ ಜಾಗ ತಿನ್ನೋದಕ್ಕೆ ಏರ್ ಫ್ರೇಟ್ ಕೊಟ್ರೆ ಲಾಭ ಎಲ್ಲಾ ಗಾಳಿಗೆ ಹೋಗುತ್ತೆ, ಅದು ಚೆನ್ನೈ ಸಮುದ್ರದ ದಾರಿ. ವೈಟ್‌ಫೀಲ್ಡ್ ಐಸಿಡಿಗೆ (ಒಳನಾಡಿನ ಕಂಟೇನರ್ ಡಿಪೋ) ತರಿಸೋಣ ಅನ್ನೋ ಬ್ರೋಕರ್‌ಗೆ, ಅಲ್ಲಿ ಈ ಐಟಂಗೆ ಎಡಿಸಿ ಎನ್‌ಓಸಿ ಹೇಗೆ ತಗೋತೀರಿ ಅಂತ ಮೊದ್ಲೇ ಕೇಳಿ. ಚೆನ್ನೈಗೆ ಬೆಂಗಳೂರು ಬ್ರೋಕರ್ ಇಟ್ಕೋಬಹುದಾ ಅಂದ್ರೆ, ಇಟ್ಕೋಬಹುದು, ಒಂದು ಕಡೆ ಲೈಸೆನ್ಸ್ ಇರೋರು ಬೇರೆ ಕಡೆಗೂ ಇಂಟಿಮೇಶನ್ ಕೊಟ್ಟು ಕೆಲಸ ಮಾಡ್ಬಹುದು, ಆದ್ರೆ ಅಲ್ಲಿ ಅವರದ್ದೇ ಸ್ಟಾಫ್ ಇದಾರಾ ಇಲ್ಲ ಇನ್ನೊಬ್ಬರಿಗೆ ದಾಟಿಸ್ತಾರಾ ಅನ್ನೋದೇ ಪ್ರಶ್ನೆ. ಅಂದಹಾಗೆ ಈಗ ಫೇಸ್‌ಲೆಸ್ ಅಸೆಸ್‌ಮೆಂಟ್ ಇದೆ, 2020ರ ಜೂನ್‌ನಲ್ಲಿ ಮೊದ್ಲು ಶುರುವಾಗಿದ್ದೇ ಬೆಂಗಳೂರು ಮತ್ತು ಚೆನ್ನೈನಲ್ಲಿ, ನಿಮ್ಮ ಬಿಲ್ ಆಫ್ ಎಂಟ್ರಿ ನೋಡೋ ಆಫೀಸರ್ ದೇಶದ ಯಾವ ಮೂಲೆಯಲ್ಲಾದ್ರೂ ಇರ್ಬಹುದು. ಹಾಗಾಗಿ "ಅಲ್ಲಿ ನಮ್ಮವರಿದಾರೆ, ಸೆಟಿಂಗ್ ಇದೆ" ಅಂತ ಹೇಳೋ ಬ್ರೋಕರ್ ಮಾತಿಗೆ ಮೊದಲಿನ ಬೆಲೆ ಇಲ್ಲ. ಈಗ ಬೇಕಾಗಿರೋದು ಕ್ವೆರಿಗೆ ನೆಟ್ಟಗೆ ಇಂಗ್ಲಿಷ್‌ನಲ್ಲಿ ಉತ್ತರ ಬರೆಯೋರು, ಕ್ಯಾಟಲಾಗ್ ಹಾಕೋರು, ಎಚ್‌ಎಸ್ ಕೋಡ್ (ಮಾಲ್ ಯಾವ ಗುಂಪಿಗೆ ಸೇರುತ್ತೆ, ಎಷ್ಟು ಡ್ಯೂಟಿ ಅಂತ ತೀರ್ಮಾನ ಮಾಡೋ ನಂಬರ್) ಯಾಕೆ ಇದು ಅಂತ ವಾದ ಮಾಡೋರು.

ಎಚ್‌ಎಸ್ ಕೋಡ್ ಅಂದ್ನಲ್ಲ, ಅದರಲ್ಲೇ ಬ್ರೋಕರ್‌ನ ಬುದ್ಧಿ ಗೊತ್ತಾಗೋದು. ನಿಮ್ಮ ಮೂರು ಐಟಂ ಮೂರು ಕಡೆ ಹೋಗುತ್ತೆ. ಬಿಪಿ ಮಷಿನ್ 9018, ಥರ್ಮಾಮೀಟರ್ 9025, ವೀಲ್‌ಚೇರ್ 8713. 2020ರ ಬಜೆಟ್‌ನಲ್ಲಿ ಬಂದ 5% ಹೆಲ್ತ್ ಸೆಸ್ 9018ರಿಂದ 9022ರ ತನಕದ ಡಿವೈಸ್‌ಗಳಿಗೆ, ಅಂದ್ರೆ ಬಿಪಿ ಮಷಿನ್‌ಗೆ ಬರುತ್ತೆ ಥರ್ಮಾಮೀಟರ್‌ಗೆ ಬರಲ್ಲ. ಮೂರನ್ನೂ ಒಂದೇ ಕೋಡ್‌ಗೆ ತುರುಕೋ ಬ್ರೋಕರ್ ನಿಮ್ಮ ದುಡ್ಡಿಗೂ ಕನ್ನ ಹಾಕ್ತಾನೆ, ನಾಳೆ ನೋಟೀಸ್‌ಗೂ ದಾರಿ ಮಾಡ್ತಾನೆ. ಲೆಕ್ಕ ಹೇಗೆ ಅಂತ ಒಂದು ಉದಾಹರಣೆ, 10 ಲಕ್ಷ ಮೌಲ್ಯದ ಬಿಪಿ ಮಷಿನ್‌ಗೆ ಬೇಸಿಕ್ ಡ್ಯೂಟಿ 7.5% ಅಂತ ಇಟ್ಕೊಳ್ಳಿ, ಅದರ ಮೇಲೆ 10% ಸರ್‌ಚಾರ್ಜ್, ಮಾಲಿನ ಮೌಲ್ಯದ ಮೇಲೆ ಹೆಲ್ತ್ ಸೆಸ್, ಇವೆಲ್ಲಾ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ 5% (2025ರ ಸೆಪ್ಟೆಂಬರ್ 22ರಿಂದ ಇಳಿದಿರೋ ರೇಟ್), ಒಟ್ಟು ಹತ್ರ ಹತ್ರ 1.9 ಲಕ್ಷ. ಅದರಲ್ಲಿ ಐಜಿಎಸ್‌ಟಿ ನಿಮಗೆ ಕ್ರೆಡಿಟ್ ಆಗಿ ವಾಪಸ್ ಬರುತ್ತೆ, ಉಳಿದಿದ್ದು ಖರ್ಚು. ಬೇಸಿಕ್ ಡ್ಯೂಟಿಗೆ ಕನ್ಸೆಶನ್ ನೋಟಿಫಿಕೇಶನ್‌ಗಳಿವೆ, ಬದಲಾಗ್ತಾನೂ ಇರ್ತವೆ, ನಿಮ್ಮ ಎಂಟು ಅಂಕಿಯ ಕೋಡ್‌ಗೆ ಯಾವ್ದು ಸಿಗುತ್ತೆ ಅಂತ ಬ್ರೋಕರ್ ಹತ್ರ ಬರವಣಿಗೆಯಲ್ಲಿ, ಕನಿಷ್ಠ ಈಮೇಲ್‌ನಲ್ಲಾದ್ರೂ ತಗೊಳ್ಳಿ. ವಾಟ್ಸಾಪ್ ವಾಯ್ಸ್ ಮೆಸೇಜ್ ನಂಬ್ಕೊಂಡು ಕೂರ್ಬೇಡಿ.

ಕೊಟೇಶನ್ ಕೇಳೋವಾಗ ಏಜೆನ್ಸಿ ಚಾರ್ಜ್ ಒಂದೇ ನೋಡ್ಬೇಡಿ. ಕಮ್ಮಿ ಏಜೆನ್ಸಿ ಚಾರ್ಜ್ ಹೇಳಿ, ಆಮೇಲೆ ಡಿಓ (ಡೆಲಿವರಿ ಆರ್ಡರ್) ಚಾರ್ಜ್, ಟರ್ಮಿನಲ್ ಚಾರ್ಜ್, ಎಕ್ಸಾಮಿನೇಶನ್, ಎಡಿಸಿ ಹ್ಯಾಂಡ್ಲಿಂಗ್, "ಇತರೆ ಖರ್ಚು" ಅಂತ ಮಾರುದ್ದ ಬಿಲ್ ಕೊಡೋರು ಬಹಳ. ರಸೀದಿ ಇರೋ ಖರ್ಚು ರಸೀದಿ ಪ್ರಕಾರ, ಉಳಿದಿದ್ದೆಲ್ಲಾ ಏಜೆನ್ಸಿ ಚಾರ್ಜ್‌ನಲ್ಲೇ ಸೇರ್ಬೇಕು ಅಂತ ಮೊದ್ಲೇ ಹೇಳಿ. ಡ್ಯೂಟಿ ದುಡ್ಡನ್ನ ಅವರ ಅಕೌಂಟ್‌ಗೆ ಹಾಕ್ಬೇಡಿ, ಕಸ್ಟಮ್ಸ್‌ನ ಐಸ್‌ಗೇಟ್ ವೆಬ್‌ಸೈಟ್‌ನಲ್ಲಿ ನೀವೇ ಕಟ್ಟಿ. ಮತ್ತೆ ಅವರು ನಿಮ್ಮ ಕೆವೈಸಿ, ಅಂಗಡಿ ವಿಳಾಸದ ದಾಖಲೆ, ಜಿಎಸ್‌ಟಿ, ಆಥರೈಸೇಶನ್ ಲೆಟರ್ ಎಲ್ಲಾ ಕೇಳಿದ್ರೆ ಬೇಜಾರಾಗ್ಬೇಡಿ, ರೂಲ್ ಪ್ರಕಾರ ಕೇಳ್ಲೇಬೇಕು, ಏನೂ ಕೇಳದೆ ಕೆಲಸ ಒಪ್ಕೊಳ್ಳೋರ ಬಗ್ಗೇನೇ ಅನುಮಾನ ಪಡಿ. ನಿಮ್ಮ ಐಇಸಿನ ಪ್ರತಿ ವರ್ಷ ಏಪ್ರಿಲ್-ಜೂನ್ ಒಳಗೆ ಆನ್‌ಲೈನ್‌ನಲ್ಲಿ ಕನ್ಫರ್ಮ್ ಮಾಡ್ಬೇಕು, ಇಲ್ಲ ಅಂದ್ರೆ ಡಿಆಕ್ಟಿವೇಟ್ ಆಗುತ್ತೆ, ಮಾಲ್ ಬಂದ ದಿನ ಇದು ಗೊತ್ತಾದವರನ್ನ ನೋಡಿದೀನಿ.

ಮಾಲ್ ಹೊರಡೋ ಮುಂಚೆ ಬ್ರೋಕರ್‌ಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಲೇಬಲ್ ಫೋಟೋ ಮೂರೂ ಕಳಿಸಿ ಓಕೆ ಅನ್ಸಿ. ಇನ್‌ವಾಯ್ಸ್‌ನಲ್ಲಿ ಇರೋ ಮಾಡೆಲ್ ನಂಬರ್ ಲೈಸೆನ್ಸ್‌ನಲ್ಲಿರೋ ಮಾಡೆಲ್‌ಗೆ ಅಕ್ಷರಕ್ಕೆ ಅಕ್ಷರ ಹೊಂದ್ಬೇಕು, ಒಂದು ಹೈಫನ್ ಹೆಚ್ಚುಕಮ್ಮಿ ಆದ್ರೂ ಎಡಿಸಿ ಪ್ರಶ್ನೆ ಕೇಳ್ತಾರೆ. ಇಂಪೋರ್ಟರ್ ವಿವರಗಳನ್ನ ಸ್ಟಿಕ್ಕರ್ ಆಗಿ ಅಂಟಿಸ್ಬಹುದು, ಅದಕ್ಕೆ ಅವಕಾಶ ಇದೆ. ಎಕ್ಸ್‌ಪೈರಿ ಇರೋ ಐಟಂ ಏನಾದ್ರೂ ಮುಂದೆ ತರಿಸಿದ್ರೆ, ಒಂದು ವರ್ಷಕ್ಕಿಂತ ಜಾಸ್ತಿ ಆಯುಷ್ಯ ಇರೋದಕ್ಕೆ ಇಳಿಯೋ ಹೊತ್ತಿಗೆ ಕನಿಷ್ಠ 60% ಉಳಿದಿರ್ಬೇಕು. ಬ್ಲೂಟೂತ್ ಇರೋ ಬಿಪಿ ಮಷಿನ್ ಆದ್ರೆ ಡಬ್ಲ್ಯುಪಿಸಿಯ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಇಟಿಎ ಅನ್ನೋ ಒಪ್ಪಿಗೆ ಬೇರೆ ಬೇಕು, ಮೊದಲ ಸಲಕ್ಕೆ ಬ್ಲೂಟೂತ್ ಇಲ್ಲದ ಮಾಡೆಲ್ ತಗೊಂಡು ನೆಮ್ಮದಿಯಾಗಿರಿ. ಬಿಲ್ ಆಫ್ ಎಂಟ್ರಿನ ಮಾಲ್ ಬರೋಕೆ 30 ದಿನ ಮುಂಚಿನಿಂದಲೇ ಹಾಕ್ಬಹುದು, ಹಾಕಿಸಿ. ತಡ ಆದ್ರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ಲೇಟ್ ಫೀ, ಟರ್ಮಿನಲ್‌ನವರ ಡೆಮರೇಜ್ (ಮಾಲ್ ಅಲ್ಲೇ ಉಳಿದಿದ್ದಕ್ಕೆ ಬಾಡಿಗೆ) ಬೇರೆ.

ಸೆಕೆಂಡ್ ಹ್ಯಾಂಡ್, ರಿಫರ್ಬಿಶ್ಡ್ ಅಂತ ಯಾರಾದ್ರೂ ಆಸೆ ತೋರ್ಸಿದ್ರೆ ಬೇಡ ಅನ್ನಿ, ಸಿಡಿಎಸ್‌ಸಿಓ ಅದಕ್ಕೆ ಲೈಸೆನ್ಸೇ ಕೊಡ್ತಿಲ್ಲ.

ನಿಮ್ಮ ವ್ಯಾಪಾರದ ಗಾತ್ರ ನೀವು ಬರ್ದಿಲ್ಲ, ಆದ್ರೂ ಒಂದು ಮಾತು. ವರ್ಷಕ್ಕೆ ಕೆಲವೇ ನೂರು ಬಿಪಿ ಮಷಿನ್ ಹೋಗೋದಾದ್ರೆ ಈ ಫೀ, ಕಾಯೋದು, ಪೇಪರ್ ಎಲ್ಲಾ ಸೇರಿ ಗಿಟ್ಟಲ್ಲ. ವೀಲ್‌ಚೇರ್‌ನಿಂದ ಶುರು ಮಾಡಿ. ಸೆಲ್ಫ್ ರಿಜಿಸ್ಟ್ರೇಶನ್ ಸಾಕು, ಖರ್ಚು ಕಮ್ಮಿ, ಆ ಒಂದು ಕನ್ಸೈನ್‌ಮೆಂಟ್‌ನಲ್ಲಿ ಬ್ರೋಕರ್ ಹೇಗೆ ಕೆಲಸ ಮಾಡ್ತಾರೆ, ಫೋನ್ ಎತ್ತುತ್ತಾರಾ, ಬಿಲ್ ಹೇಳಿದ ಹಾಗೇ ಬಂತಾ ಎಲ್ಲಾ ಗೊತ್ತಾಗುತ್ತೆ. ಅಷ್ಟರಲ್ಲಿ ಬಿಪಿ ಮಷಿನ್ ಫ್ಯಾಕ್ಟರಿಯಿಂದ ಪೇಪರ್ ತರಿಸಿ ಎಂಡಿ-14 ಹಾಕೋದಾ ಇಲ್ವಾ ನಿರ್ಧಾರ ಮಾಡಿ. ಸ್ಯಾಂಪಲ್ ನೋಡ್ಬೇಕು ಅಂತಿದ್ರೆ "ಒಂದೆರಡು ಪೀಸ್ ತಾನೇ" ಅಂತ ಕೊರಿಯರ್‌ನಲ್ಲಿ ತರಿಸ್ಬೇಡಿ, ಅಲ್ಲೂ ಸಿಕ್ಕಿ ಹಾಕ್ಕೊಳುತ್ತೆ. ಟೆಸ್ಟಿಂಗ್ ಡೆಮೊಗೆ ಅಂತಾನೇ ಎಂಡಿ-16ರಲ್ಲಿ ಅರ್ಜಿ ಹಾಕಿ ಎಂಡಿ-17 ತಗೊಳ್ಳೋ ದಾರಿ ಇದೆ, ಆ ಮಾಲನ್ನ ಮಾರೋ ಹಾಗಿಲ್ಲ ಅಷ್ಟೇ.